26 ಕೆ.ಜಿ. ಮೂಟೆಯ ಲೆಕ್ಕ

ಅಕ್ಕಿ ಅಂಗಡಿಯಲ್ಲಿ 26 ಕೆ.ಜಿ. ಮೂಟೆ ಯಾಕಿದೆ ಎಂದು ಕೇಳಿದವರು ಕಡಿಮೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಚೀಲಗಳಿಗೆ ಶೇ 5ರಷ್ಟು ಜಿಎಸ್‌ಟಿ ಬಿತ್ತು. ಅದಕ್ಕಿಂತ ಹೆಚ್ಚು ತೂಕದ ಮೂಟೆಗೂ ಅಂಗಡಿಯವರು ತೂಗಿಕೊಡುವ ಬಿಡಿ ಅಕ್ಕಿಗೂ ಈ ತೆರಿಗೆ ಇಲ್ಲ. ತೆರಿಗೆಗೆ ಮುಂಚೆ ಕೆ.ಜಿ.ಗೆ 60 ರೂಪಾಯಿಯ ಅಕ್ಕಿ ಎಂದಿಟ್ಟುಕೊಳ್ಳಿ. 25 ಕೆ.ಜಿ.ಗೆ ತೆರಿಗೆ ಸೇರಿ 1,575 ರೂಪಾಯಿ, 26 ಕೆ.ಜಿ.ಗೆ 1,560. ಒಂದು ಕೆ.ಜಿ. ಹೆಚ್ಚಿಗೆ ಬಂದೂ 15 ರೂಪಾಯಿ ಉಳಿಯಿತು.

ದಿನಸಿಯ ದುಡ್ಡು ಉಳಿಯುವುದು ಇಂಥ ಲೆಕ್ಕದಲ್ಲೇ.

ಹಳೇಬೀಡಿನವರನ್ನೇ ತೆಗೆದುಕೊಳ್ಳಿ. ಅಲ್ಲಿಂದ ಬೇಲೂರಿಗೆ 16 ಕಿ.ಮೀ.; ಅರಸೀಕೆರೆ ಇನ್ನೂ ದೂರ. ಮೊದಲಾದರೆ ಅಗ್ಗದ ಬೇಳೆ ಹುಡುಕಿಕೊಂಡು ಬಸ್ ಹತ್ತಿದವರ ಉಳಿತಾಯ ಟಿಕೆಟ್ಟಿಗೇ ಸರಿಹೋಗುತ್ತಿತ್ತು. 2023ರ ಜೂನ್ 11ರಂದು ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಮಟ್ಟಿಗೆ ಆ ಖರ್ಚು ತಪ್ಪಿದೆ. ಹಾಗೆಂದು ದರ ವಿಚಾರಿಸಲಿಕ್ಕೆಂದೇ ಕೂಲಿ ಬಿಟ್ಟು ಹೋಗಬೇಕಿಲ್ಲ. ಆಸ್ಪತ್ರೆಗೋ ತಾಲ್ಲೂಕು ಕಚೇರಿಗೋ ನಂಟರ ಮನೆಗೋ ಹೋಗುವಾಗ ದಿನಸಿ ಚೀಟಿ ಜೊತೆಗಿದ್ದರೆ ಸಾಕು.

ಏನನ್ನು ಎಲ್ಲಿ ವಿಚಾರಿಸಬೇಕೆಂಬುದನ್ನು ನೆಲವೇ ಹೇಳುತ್ತದೆ. ಅರಸೀಕೆರೆ ಬಯಲುಸೀಮೆ, ರಾಗಿ, ತೆಂಗು, ಕೊಬ್ಬರಿಯ ಊರು. ಅಲ್ಲಿನ ಎಪಿಎಂಸಿ ದರವನ್ನು ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೋಡಿಯೇ ಹೊರಡುವುದು ಒಳ್ಳೆಯದು, ಬೆಳೆಯುವ ಊರಿನಲ್ಲಿ ಅಗ್ಗ ಎಂಬ ನಂಬಿಕೆ ಸದಾ ನಿಜವಲ್ಲ. 2025ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇದ್ದಾಗ ಮಾರುಕಟ್ಟೆ ದರ 20 ಸಾವಿರ ದಾಟಿತ್ತು. ಇನ್ನು ಕಾಯನ್ನು ಎಣಿಸಿ ಕೊಡುವ ಕಡೆ ಒಂದನ್ನು ತಕ್ಕಡಿಗೆ ಹಾಕಿಸಿ ನೋಡಬೇಕು.

ಬೇಲೂರು ಮಲೆನಾಡಿನ ಅಂಚು, ಕಾಫಿ ಮೆಣಸುಗಳ ಸೀಮೆ. ಇಲ್ಲಿ ಕಾಫಿಪುಡಿಯ ಬೆಲೆಗಿಂತ ಮೊದಲು ಓದಬೇಕಾದ್ದು ಚಿಕೋರಿಯ ಪ್ರಮಾಣ. ಮಿಶ್ರಣದಲ್ಲಿ ಶೇ 49ರವರೆಗೆ ಚಿಕೋರಿ ಬೆರೆಸಲು ಕಾನೂನೇ ಒಪ್ಪುತ್ತದೆ, ಆದರೆ ಎಷ್ಟಿದೆಯೆಂದು ಪೊಟ್ಟಣದ ಮೇಲೆ ಬರೆದಿರಬೇಕು. ಸುಮಾರು ಅರ್ಧ ಚಿಕೋರಿಯ ಪುಡಿಯನ್ನು ಅಪ್ಪಟ ಕಾಫಿಯ ಪಕ್ಕದಲ್ಲಿಟ್ಟು ಅಗ್ಗವೆನ್ನುವುದು ಸರಿಯಾದ ಹೋಲಿಕೆಯಲ್ಲ.

ನಂದಿನಿ ಹಾಲಿನ ವಿಷಯದಲ್ಲಿ ಅಂಗಡಿ ಬದಲಿಸಿ ಪ್ರಯೋಜನವಿಲ್ಲ, ಆದರೆ ಅಳತೆಯ ಪಾಠ ಅಲ್ಲಿಯೂ ಇದೆ. 2024ರ ಜೂನ್‌ನಲ್ಲಿ ಅರ್ಧ ಲೀಟರ್ ಪೊಟ್ಟಣ 550 ಮಿ.ಲೀ. ಆಗಿ, ಟೋನ್ಡ್ ಹಾಲಿನ ಬೆಲೆ 22ರಿಂದ 24 ರೂಪಾಯಿಗೆ ಏರಿತು. 2025ರ ಏಪ್ರಿಲ್ 1ರಂದು ಅಳತೆ ಮತ್ತೆ 500 ಮಿ.ಲೀ.ಗೆ ಇಳಿಯಿತು, ಬೆಲೆ 24ರಲ್ಲೇ ನಿಂತಿತು. ಕೊಡುವ ದುಡ್ಡನ್ನಷ್ಟೇ ನೋಡಿದವರಿಗೆ ಏರಿಕೆ ಕಾಣಲೇ ಇಲ್ಲ.

ಪೊಟ್ಟಣಗಳ ಮೇಲೆ ಈಗ ಗ್ರಾಂ ಅಥವಾ ಕೆ.ಜಿ.ಗೆ ಎಷ್ಟು ಬೆಲೆ ಎಂಬುದನ್ನೂ ಮುದ್ರಿಸಬೇಕೆಂದು ಕಾನೂನಿದೆ. ಎರಡು ಅಂಗಡಿಗಳ ನಡುವೆ, ಸಣ್ಣ ದೊಡ್ಡ ಪೊಟ್ಟಣಗಳ ನಡುವೆ ಹೋಲಿಸಬೇಕಾದ್ದು ಆ ಪುಟ್ಟ ಅಕ್ಷರದ ಸಂಖ್ಯೆಯನ್ನು. ದೊಡ್ಡ ಪೊಟ್ಟಣವೇ ಅಗ್ಗ ಎಂದು ಕಣ್ಣುಮುಚ್ಚಿ ಒಯ್ಯಬೇಡಿ. ಎಂಆರ್‌ಪಿ ಎಂಬುದು ಮೇಲಿನ ಮಿತಿ, ಅದಕ್ಕಿಂತ ಕಡಿಮೆಗೆ ಕೊಡಿ ಎಂದು ಕೇಳಲು ಸಂಕೋಚ ಬೇಡ. ಪ್ರವಾಸಿಗರು ತುಂಬಿದ ದೇವಾಲಯದ ಬೀದಿಯಲ್ಲೂ ಆ ಮಿತಿಯನ್ನು ಮೀರುವಂತಿಲ್ಲ. ಮೀರಿದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.