ಬೆರಳಿಗೆ ಗೊತ್ತಿರುವ ಪ್ಲಾಸ್ಟಿಕ್

ಬೆಂಗಳೂರಿನ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ವಿಂಗಡಣೆಗೆ ಕೂತ ಹೆಂಗಸರ ಕೈಗಳನ್ನು ನೋಡಬೇಕು. ಮನೆ, ಅಂಗಡಿ, ಹೋಟೆಲುಗಳಿಂದ ಬಂದ ರಾಶಿಯಲ್ಲಿ ನೀರಿನ ಬಾಟಲಿ, ಹಾಲಿನ ಕವರು, ಶಾಂಪೂ ಡಬ್ಬಿ, ಒಡೆದ ಬಕೆಟ್ಟು ಎಲ್ಲವೂ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ತಳದಲ್ಲಿ ಪ್ಲಾಸ್ಟಿಕ್ಕಿನ ಬಗೆ ಹೇಳುವ 1ರಿಂದ 7ರವರೆಗಿನ ಒಂದು ಅಂಕಿ ಅಚ್ಚಾಗಿರುತ್ತದಲ್ಲ, ಅದನ್ನು ಓದುತ್ತ ಕೂತರೆ ಸಂಜೆಯಾದರೂ ಚೀಲ ತುಂಬದು. ಇವರು ಹಿಸುಕುತ್ತಾರೆ, ಬಗ್ಗಿಸುತ್ತಾರೆ, ಪರಪರ ಸದ್ದಿಗೆ ಕಿವಿಗೊಡುತ್ತಾರೆ. ಅಷ್ಟರಲ್ಲಿ ಕೈಯಲ್ಲಿದ್ದದ್ದು ತನ್ನ ಚೀಲ ಸೇರಿರುತ್ತದೆ.

ಈ ಚುರುಕಿನ ಬೆಲೆ ತಿಳಿಯುವುದು ಕರಗಿಸುವಾಗ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಪಿವಿಸಿ ಎಂಬ ಇನ್ನೊಂದು ಬಗೆ ಅಷ್ಟನ್ನು ತಾಳದೆ ಮೊದಲೇ ಒಡೆದು ಆಮ್ಲದ ಹೊಗೆ ಕಾರುತ್ತದೆ. ಕೆಲವೇ ಚೂರು ಬೆರೆತರೂ ಇಡೀ ಪಾಕ ಕೆಟ್ಟಂತೆ. ತೊಳೆಯುವ ತೊಟ್ಟಿಯೂ ಇಲ್ಲಿ ನೆರವಿಗೆ ಬಾರದು. ಮುಚ್ಚಳದ ಚೂರು ತೇಲುತ್ತದೆ, ಪೆಟ್ ಮುಳುಗುತ್ತದೆ, ಸರಿ, ಪಿವಿಸಿಯೂ ಮುಳುಗುತ್ತದೆ. ಎರಡರ ಸಾಂದ್ರತೆ ಹೆಚ್ಚುಕಡಿಮೆ ಒಂದೇ. ಅತಿಗೆಂಪು ಕಿರಣ ಹಾಯಿಸಿ ಗುರುತಿಸುವ ಯಂತ್ರಗಳಿವೆ, ನಿಜ. ಕಪ್ಪು ಪ್ಲಾಸ್ಟಿಕ್ ಎದುರಾದರೆ ಅವುಗಳಲ್ಲಿ ಬಹುಪಾಲು ತಬ್ಬಿಬ್ಬಾಗುತ್ತವೆ. ಇಷ್ಟಾದರೂ ಈ ವಿಂಗಡಣೆಯನ್ನು ಕೌಶಲ ಬೇಡದ ಕೆಲಸವೆಂದು ಕರೆಯುವವರಿದ್ದಾರೆ. ಅವರನ್ನು ಅರ್ಧ ದಿನ ಆ ರಾಶಿಯ ಮುಂದೆ ಕೂರಿಸಬೇಕು.

ವಿಂಗಡಿಸಿದ್ದು ಮೈಸೂರು ರಸ್ತೆಯ ನಾಯಂಡಹಳ್ಳಿಯಂಥ ಕಡೆಯ ಗುಜರಿ ಗೋದಾಮುಗಳಿಗೆ ಹೋಗಿ ಬಣ್ಣವಾರು ಮತ್ತೆ ಬೇರೆಯಾಗುತ್ತದೆ. ಬಣ್ಣವಿಲ್ಲದ್ದಕ್ಕೆ ಹೆಚ್ಚು ಬೆಲೆ, ಯಾವ ಬಣ್ಣವನ್ನಾದರೂ ಹಚ್ಚಬಹುದಲ್ಲ! ಚಿಪ್ಸ್ ಪೊಟ್ಟಣದ ಪಾಡು ಬೇರೆ. ಅದರ ಪ್ಲಾಸ್ಟಿಕ್ಕಿಗೆ ಅಂಟಿಕೊಂಡ ಅಲ್ಯೂಮಿನಿಯಂ ಪದರವನ್ನು ಬಿಡಿಸಲು ಎಂಥ ಬೆರಳಿಗೂ ಆಗದು. ಗುಜರಿಯವರಿಗೂ ಬೇಡವಾಗಿ, ಪೊಟ್ಟಣ ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗುತ್ತದೆ.