ಜಗಲಿ ಇಲ್ಲದ ಮನೆಗೆ ಹೂವಿನಕೋಲು ಬರುವುದೆಲ್ಲಿಗೆ?

ಈ ವಾರ ಶಾಸ್ತ್ರಿ ಸರ್ಕಲ್ಲಿನ ಫ್ಲೈಓವರ್ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಹೇಳುವುದು ಹೆಚ್ಚೇನಿಲ್ಲ. ವರ್ಷಗಟ್ಟಲೆ ಅರ್ಧಕ್ಕೆ ನಿಂತು ನಗೆಪಾಟಲಾಗಿದ್ದ ಆ ಕಟ್ಟೋಣದ ಮೇಲ್ಭಾಗ ಮಂಗಳೂರಿನಿಂದ ಕಾರವಾರಕ್ಕೆ ಹೋಗುವವರದ್ದು. ಕೆಳಭಾಗ ಕುಂದಾಪುರದವರದ್ದು. ಏಪ್ರಿಲ್ ಬಿಸಿಲಿಗೆ, ಜೂನ್ ಮಳೆಗೆ ಅಲ್ಲಿ ನಿಂತುಕೊಳ್ಳಿ ಎಂದು ಯಾವ ಎಂಜಿನಿಯರೂ ನಕ್ಷೆಯಲ್ಲಿ ಬರೆದಿರಲಿಕ್ಕಿಲ್ಲ. ಜನ ನಿಂತರು, ಜಾಗ ಆಯಿತು. ಫ್ಲೈಓವರ್ ವಿಚಾರ ಇಷ್ಟೇ.

ನಿಂತವರನ್ನು ನೋಡುವುದರಲ್ಲಿ ಹೆಚ್ಚು ರುಚಿಯಿದೆ. ಗಂಗೊಳ್ಳಿ ಕಡೆಯ ಬಸ್ಸಿಗೆ ಓಡಬೇಕಾದ ಇಬ್ಬರು ಎದುರಾದರೆ ಬದಿಗೆ ಸರಿಯುವುದಿಲ್ಲ, ಜನ ಹಾಯುವ ದಾರಿಯ ನಟ್ಟನಡುವೆಯೇ ಮಾತಿಗೆ ನಿಲ್ಲುತ್ತಾರೆ. ಇದು ನಮ್ಮೂರಿನ ಶಿಸ್ತಿಲ್ಲದವರ ಬುದ್ಧಿ ಎಂದು ಬೈಯುವವರು ವಿಲಿಯಂ ವೈಟ್ ಎಂಬಾತನನ್ನು ಓದಬೇಕು. ನ್ಯೂಯಾರ್ಕಿನ ಬೀದಿಗಳಲ್ಲಿ, ಕಚೇರಿ ಕಟ್ಟಡಗಳ ಎದುರಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು, ಜನ ಏನು ಮಾಡುತ್ತಾರೆಂದು ಸುಮ್ಮನೆ ನೋಡಿದ ಮನುಷ್ಯ. ಅಲ್ಲಿಯವರೂ ಹೀಗೇ ಗುಂಪಿನ ನಡುವೆ ನಿಂತು ಹರಟುತ್ತಿದ್ದರು. ಇನ್ನು ಕೂರುವ ವಿಚಾರ. ಕೆಲವು ಬಯಲು ತುಂಬಿರುತ್ತವೆ, ಕೆಲವು ಖಾಲಿ ಹೊಡೆಯುತ್ತವೆ, ಏಕೆ? ಬಿಸಿಲು, ವಿಸ್ತಾರ, ಅಂದಚಂದ ಎಲ್ಲವನ್ನೂ ಅಳೆದು ನೋಡಿ ಆತ 1980ರ ಪುಸ್ತಕದಲ್ಲಿ ಮುಟ್ಟಿದ ತೀರ್ಮಾನ: ಕೂರಲು ಎಡೆಯಿದ್ದಲ್ಲಿ ಜನ ಕೂರುತ್ತಾರೆ. ಒಂದಡಿಯಿಂದ ಮೂರಡಿ ಎತ್ತರದ ಯಾವ ಅಂಚಾದರೂ ಸಾಕು.

ಕೋಟದ ಯಾವ ಅಜ್ಜಿಯನ್ನು ಕೇಳಿದ್ದರೂ ಆತನ ಫಿಲಂ ಉಳಿಯುತ್ತಿತ್ತು. ಅದಕ್ಕೆ ನಮ್ಮಲ್ಲಿ ಜಗಲಿ ಎನ್ನುತ್ತಾರೆ.

ಈ ಅಂಕಣದ ಓದುಗರಿಗೆ ಜಗಲಿಯ ಪಾಠ ಬೇಡ. ಮಳೆಗಾಲಕ್ಕೆ ಕಟ್ಟುವ ಮಡಲಿನ ತಟ್ಟಿ, ಅಂಗಳದ ಮೇಟಿಕಂಬ, ಹಡಿಮಂಚ, ಭತ್ತದ ತಿರಿ ಎಲ್ಲ ಗೊತ್ತಿದ್ದವರೇ ನೀವು. ನನ್ನ ಜಗಳ ಇರುವುದು ಹಳೆ ಕಂಬದ ಗಿರಾಕಿಗಳ ಜತೆ. ಬಾರ್ಕೂರು, ಬಸ್ರೂರು ಕಡೆ ಹಳೆ ಮನೆ ಬೀಳುತ್ತದೆಂದರೆ ಲಾರಿ ಹಿಡಿದು ಬರುತ್ತಾರೆ. ಹಲಸಿನ ಕಂಬ ರೆಸಾರ್ಟಿನ ರಿಸೆಪ್ಶನ್‌ಗೆ, ಹೆಬ್ಬಾಗಿಲು ಹೋಂಸ್ಟೇ ಗೋಡೆಗೆ. ಇದಕ್ಕೆ ‘ಪರಂಪರೆ ಉಳಿಸುವುದು’ ಎಂಬ ಹೆಸರು ಬೇರೆ. ಕಂಬ ಉಳಿಯಿತು, ಒಪ್ಪೋಣ. ಕಂಬಕ್ಕೆ ಒರಗಿ ಕವಳ ಹಾಕುತ್ತಿದ್ದವನನ್ನು ಯಾವ ಲಾರಿಯಲ್ಲಿ ಸಾಗಿಸುತ್ತೀರಿ?

ಹಾಗೆಂದು ಜಗಲಿಯನ್ನು ಹಾಡಿ ಹೊಗಳುವವರ ಸಾಲಿಗೂ ನಾನು ಸೇರುವುದಿಲ್ಲ. ಆ ಜಗಲಿಗೆ ಯಾರು ಹತ್ತುತ್ತಿದ್ದರು, ಯಾರು ಅಂಗಳದಲ್ಲೇ ನಿಲ್ಲುತ್ತಿದ್ದರು ಎಂಬುದು ಹೊಗಳುವವರಿಗೂ ಗೊತ್ತು. ಗೇಣಿ ಅಕ್ಕಿ ಹೊತ್ತು ತಂದ ಒಕ್ಕಲು ಮೆಟ್ಟಿಲ ಕೆಳಗೆ, ಧನಿ ಮೇಲೆ. ಕಾರಂತರ ‘ಮರಳಿ ಮಣ್ಣಿಗೆ’ ನನಗೆ ಈ ಕರಾವಳಿಯ ಅತ್ಯುತ್ತಮ ವಾಸ್ತು ಗ್ರಂಥವೆನಿಸುವುದು ಇದೇ ಕಾರಣಕ್ಕೆ. ಅಲ್ಲಿಯ ಮನೆ ನಮಗೆ ಪರಿಚಯವಾಗುವುದು ಕಂಬದ ಕೆತ್ತನೆಯಿಂದಲ್ಲ, ಗದ್ದೆಗೂ ಅಡುಗೆಮನೆಗೂ ನಡುವೆ ಸವೆಯುವ ಹೆಂಗಸರ ದುಡಿಮೆಯಿಂದ.

1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂತು. ‘ಉಳುವವನೇ ಹೊಲದೊಡೆಯ’ ಎಂದರು. ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರು, ಟ್ರಿಬ್ಯೂನಲ್ಲಿಗೆ ಅಲೆದರು, ಗದ್ದೆ ಪಡೆದರು. ಧನಿಗಳ ಜಗಲಿಯ ಒಂದು ಕಲ್ಲೂ ಅಲುಗಲಿಲ್ಲ. ಅದೇ ಎತ್ತರ, ಅದೇ ಕೆಂಪು ನೆಲ. ಆದರೆ ಗೇಣಿ ಅಳೆಯಲು ಯಾರೂ ಬಾರದ ಜಗಲಿ ಮೊದಲಿನ ಜಗಲಿಯಲ್ಲ. ಅತ್ತ ಒಕ್ಕಲಿನ ಮಕ್ಕಳು ತಮ್ಮದೇ ಜಾಗದಲ್ಲಿ ಹಂಚಿನ ಮನೆ ಎಬ್ಬಿಸಿದಾಗ ಅವರೂ ಒಂದು ಜಗಲಿ ಹಾಕಿಸಿದರು. ಬಂದವರಿಗೆಲ್ಲ ‘ಹ್ವಾಯ್, ಬನ್ನಿ, ಕೂಕಣಿ’ ಎಂದರು. ಕಟ್ಟಡಕ್ಕೆ ಅರ್ಥ ತುಂಬುವವನು ಕಟ್ಟಿದ ಆಚಾರಿಯಲ್ಲ, ಕೂತವನು ಎನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನವರಾತ್ರಿ ಹತ್ತಿರ ಬಂದಾಗ ಇದರ ಇನ್ನೊಂದು ಮುಖ ಕಾಣುತ್ತದೆ. ಮೇಳಗಳು ತಿರುಗಾಟಕ್ಕೆ ಹೊರಡುವ ಮೊದಲು ಹೂವಿನಕೋಲು ಬರುತ್ತದಲ್ಲ, ಅದಕ್ಕೆ ರಂಗಸ್ಥಳವಿಲ್ಲ, ಚೌಕಿಯಿಲ್ಲ. ಭಾಗವತರು, ಮದ್ದಲೆಯವರು, ಎದುರುಬದುರು ಕೂತ ಇಬ್ಬರು ಮಕ್ಕಳು, ನಡುವೆ ಹೂ ಕಟ್ಟಿದ ಕೋಲು. ಅಷ್ಟರಿಂದಲೇ ಚಾವಡಿ ಅರ್ಧ ಗಂಟೆ ಕುರುಕ್ಷೇತ್ರವಾಗುತ್ತದೆ. ಮನೆಯವರು ಅಕ್ಕಿ, ಕಾಯಿ, ಕಾಸು ಕೊಟ್ಟ ಮೇಲೆ ಮತ್ತೆ ಚಾವಡಿಯೇ. 1975ರಲ್ಲಿ ಹುಟ್ಟಿದ ಸಾಲಿಗ್ರಾಮ ಮಕ್ಕಳ ಮೇಳದಂಥವುಗಳಿಂದಾಗಿ ಈ ಸೀಮೆಯಲ್ಲಿ ಆಡುವ ಮಕ್ಕಳಿಗೆ ಬರವಿಲ್ಲ. ಬರ ಇರುವುದು ನೆಲಕ್ಕೆ. ಈಗಿನ ಮನೆಯಲ್ಲಿ ಮೊದಲು ಗೇಟು, ಆಮೇಲೆ ಗ್ರಿಲ್ ಹಾಕಿದ ಸಿಟೌಟ್, ಅದರಲ್ಲೊಂದು ಚಪ್ಪಲಿ ಸ್ಟ್ಯಾಂಡ್. ಒಳಗೆ ಹಾಲ್ ತುಂಬ ಸೋಫಾ, ಎದುರಿಗೆ ಟಿವಿ. ಭಾಗವತರು ಟೀಪಾಯಿ ಮೇಲೆ ಕೂರಬೇಕೇ? ಬ್ರಹ್ಮಾವರದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಮಾತಂತೂ ಬೇಡ. ಅಲ್ಲಿ ವಾಚ್‌ಮನ್‌ನನ್ನು ದಾಟುವುದೇ ಒಂದು ಪ್ರಸಂಗ.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಮನೆ ಕಟ್ಟಿಸಲು ಹೊರಟವರಿಗೆ ನನ್ನದೊಂದೇ ಕೋರಿಕೆ. ಎಂಜಿನಿಯರು ಎಲಿವೇಶನ್ನಿನ ಬಣ್ಣದ ಚಿತ್ರ ತೋರಿಸಿದಾಗ ತಲೆಯಾಡಿಸಬೇಡಿ. ‘ಹೂವಿನಕೋಲು ಬಂದರೆ ಐದು ಜನ ಎಲ್ಲಿ ಕೂರುವುದು ಮಾರಾಯ್ರೇ?’ ಎಂದು ಕೇಳಿ. ಆತ ಬೆರಳಿಟ್ಟು ತೋರಿಸಿದರೆ ಅಡ್ವಾನ್ಸ್ ಕೊಡಿ. ತಡವರಿಸಿದರೆ ಎರಡೂವರೆ ಅಡಿ ಅಗಲದ ಒಂದು ಜಗಲಿ ಬರೆದು ತರಲು ಹೇಳಿ, ಗ್ರಿಲ್ಲಿನ ಹೊರಗೆ.