ಒಂದೇ ಮಟ್ಟು, ಮೂರು ಸಲ

ಜನವರಿ 26ರ ಬೆಳಿಗ್ಗೆ ಶಿವಮೊಗ್ಗದ ಡಿಎಆರ್ ಮೈದಾನದಲ್ಲಿ ಪೊಲೀಸ್ ಬ್ಯಾಂಡ್ ಶುರುವಾದರೆ ಮೊದಲು ಎದೆಗೆ ಬಡಿಯುವುದು ದೊಡ್ಡ ಡ್ರಮ್. ಎಡಗಾಲು ಊರಿದಾಗೆಲ್ಲ ಒಂದು ಗುದ್ದು. ಮಿಕ್ಕ ವಾದ್ಯಗಳೆಲ್ಲ ಆ ಗುದ್ದಿನ ಊಳಿಗಕ್ಕೆ ನಿಂತಂತೆ. ಮಾರ್ಚ್ ಎಂದರೆ ಇಷ್ಟೇ ಅಂದುಕೊಂಡಿದ್ದೆ. ಆ ಎಣಿಕೆಯನ್ನು ಕೆಡಿಸಿದ್ದು ಅಮೆರಿಕದ ಜಾನ್ ಫಿಲಿಪ್ ಸೂಸಾ ರಚಿಸಿದ 'ದಿ ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್'.

1896ರ ಕೊನೆಯಲ್ಲಿ ಹುಟ್ಟಿ, 1897ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ನುಡಿದು, 1987ರಲ್ಲಿ ಅಮೆರಿಕದ ರಾಷ್ಟ್ರೀಯ ಮಾರ್ಚ್ ಎನಿಸಿಕೊಂಡ ಈ ಕೃತಿಯ ಆಯುಷ್ಯ ಸುಮಾರು ಮೂರೂವರೆ ನಿಮಿಷ. ಮೊದಲೆರಡು ಭಾಗ ಚುರುಕಾಗಿವೆ, ಆದರೆ ಕಿವಿಯಲ್ಲಿ ನಿಲ್ಲುವುದಿಲ್ಲ. ಜೀವವೆಲ್ಲ 'ಟ್ರಿಯೊ' ಎಂಬ ಮುಂದಿನ ಭಾಗದಲ್ಲಿದೆ. ಅಲ್ಲಿ ಶ್ರುತಿಯೇ ಬದಲಾಗುತ್ತದೆ: ಹಳೆಯ ಮಧ್ಯಮ ಹೊಸ ಷಡ್ಜವಾಗುತ್ತದೆ, ಕೊನೆಯವರೆಗೂ ಹಿಂದಿರುಗುವುದಿಲ್ಲ. ತಂಬೂರಿಗೆ ಪಳಗಿದ ಕಿವಿಗೆ ಕಸಿವಿಸಿಯೇ.

ಆ ಟ್ರಿಯೊ ಮೂರು ಸಲ ಬರುತ್ತದೆ. ಮೊದಲ ಸಲ ಮೆಲ್ಲಗೆ. ಇಲ್ಲಿ ಸೂಸಾ ತನ್ನ ಬ್ಯಾಂಡಿನ ಕಾರ್ನೆಟ್, ಟ್ರೊಂಬೋನ್‌ಗಳನ್ನು ಸುಮ್ಮನಿರಿಸುತ್ತಿದ್ದ. ನಡುವೆ ಹಿತ್ತಾಳೆ ವಾದ್ಯಗಳು ಕೆಳಸ್ಥಾಯಿಯಲ್ಲಿ ಗುಡುಗಿ, ಮೇಲಿನವು ಉತ್ತರ ಕೊಡುವ ಜಗಳ. ಎರಡನೆಯ ಸಲ ಅದೇ ಮಟ್ಟಿನ ಮೇಲೆ ಪುಟ್ಟ ಪಿಕೊಲೊ ಕೊಳಲು ಹಕ್ಕಿಯಂತೆ ಹಾರಾಡುತ್ತದೆ. ಮೂರನೆಯ ಸಲ ಟ್ರೊಂಬೋನ್‌ಗಳು ತಮ್ಮದೇ ಬೇರೊಂದು ಮಟ್ಟು ಹಿಡಿದು ಒಳಗೆ ನುಗ್ಗುತ್ತವೆ.

ನಮ್ಮ ಡೊಳ್ಳು ಕಾವೇರುವುದು ಲಯ ಏರಿಸಿ. ಮಾರ್ಚಿಗೆ ಆ ದಾರಿ ಮುಚ್ಚಿದೆ. ಹೆಜ್ಜೆ ತಪ್ಪಿದರೆ ಪಡೆಯೇ ಚದುರುತ್ತದೆ. ವೇಗ ಏರಿಸಲಾಗದ ಆ ಕಟ್ಟಿನೊಳಗೆ ದನಿಯ ಮೇಲೆ ದನಿ ಪೇರಿಸಿದ್ದೇ ಸೂಸಾನ ಹೆಚ್ಚುಗಾರಿಕೆ. ಬಿಡಿಯಾಗಿ ನೋಡಿದರೆ ಆ ಮಟ್ಟು ಸಾಧಾರಣ. ಪೇರಿಕೆಯಲ್ಲೇ ಅದರ ದೊಡ್ಡಸ್ತಿಕೆ. ಕೊರತೆಯೂ ಇದೆ. ನಡುವಿನ ಜಗಳ ಎರಡನೆಯ ಸಲವೂ ಅಕ್ಷರ ಬಿಡದೆ ಬರುತ್ತದೆ. ಟ್ರಿಯೊದಲ್ಲಿ ತೋರಿದ ಜಾಣ್ಮೆ ಇಲ್ಲಿ ಬರೀ ಅಬ್ಬರವಾಗಿದೆ.

ನಮ್ಮ ಕಡೆಯ ಬ್ಯಾಂಡ್‌ಸೆಟ್ಟುಗಳು ಮೊದಲ ಗಳಿಗೆಯಲ್ಲೇ ಎಲ್ಲ ದನಿಯನ್ನೂ ಖರ್ಚು ಮಾಡಿಬಿಡುತ್ತವೆ. ಆಮೇಲೆ ಸೇರಿಸಲು ಏನೂ ಉಳಿದಿರುವುದಿಲ್ಲ. ಭದ್ರಾವತಿಯ ಒಂದು ಮದುವೆಯ ದಿಬ್ಬಣದಲ್ಲಿ ಮಾತ್ರ ಬೇರೆಯದೇ ಆಯಿತು. ಟ್ರಂಪೆಟ್ಟಿನವರಿಬ್ಬರು ದಣಿದು, ಹೆಗಲ ಟವೆಲ್ಲಿನಿಂದ ತುಟಿ ಒರೆಸಿಕೊಳ್ಳುತ್ತ ನಿಂತರು. ಹಾಡು ನಿಲ್ಲಬಾರದೆಂದು ಕ್ಲಾರಿನೆಟ್ಟಿನ ಮುದುಕ ಒಬ್ಬನೇ ನುಡಿಸಿದ. ಹರಟುತ್ತಿದ್ದವರು ತಿರುಗಿ ನೋಡಿದರು. ಟ್ರಂಪೆಟ್ ಮತ್ತೆ ಸೇರಿದಾಗ ಅದೇ ಹಾಡು ಹೊಸದಾಗಿ ಕೇಳಿಸಿತು. ಸೂಸಾ ಲೆಕ್ಕ ಹಾಕಿ ಬರೆದದ್ದನ್ನು ಅಲ್ಲಿ ದಣಿವು ಮಾಡಿತ್ತು.